ಗಡಿಯಾಚೆಯ ಬಾಟಲಿ, ಈಚೆಯ ಬಾಡಿಗೆ ಕೋಣೆ

ಮಾನ್ಯ ಅಧ್ಯಾಪಕರೇ, ಕಾರವಾರದ ಕೋಡಿಬಾಗ ಮತ್ತು ಮಾಜಾಳಿ ಭಾಗದ ಮನೆಮಾಲೀಕರೇ, ವಿದ್ಯಾರ್ಥಿ ಮಿತ್ರರೇ,

ಕುಡಿಯಬೇಡಿ ಎಂದು ಹೇಳಿ ಕೂತುಬಿಡುವ ಭಾಷಣಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. 1967ರ ಅಬಕಾರಿ ಪರವಾನಗಿ ನಿಯಮಗಳ ಪ್ರಕಾರ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸಲು 2023ರಲ್ಲಿ ಹೊರಟ ಕರಡು ನಿಯಮ, ಆಕ್ಷೇಪಣೆಗಳ ನಂತರ ಹಿಂದೆ ಸರಿಯಿತು. ಕಾನೂನಿನಂತೆ ಪದವಿ ತರಗತಿಯ ಹೆಚ್ಚಿನವರ ಕೈಗೆ ಬಾಟಲಿ ಬರಲೇಬಾರದು. ಬರುತ್ತದೆಂಬುದು ಕೋಣೆ ಬಾಡಿಗೆಗೆ ಕೊಟ್ಟ ಎಲ್ಲರಿಗೂ ಗೊತ್ತು. ಕುಡಿಯದಿರುವುದೇ ಒಳ್ಳೆಯದೆಂಬ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಇಂದು ಮಾತನಾಡಬೇಕಾದದ್ದು ಕುಡಿದ ಮೇಲಿನ ಕೆಲವು ಗಂಟೆಗಳ ಬಗ್ಗೆ.

ನಮ್ಮ ಊರಿನ ಪರಿಸ್ಥಿತಿ ಧಾರವಾಡದಂತಲ್ಲ. ಸರಕಾರಿ ಇಂಜಿನಿಯರಿಂಗ್ ಕಾಲೇಜು ಇರುವುದೇ ಮಾಜಾಳಿಯಲ್ಲಿ. ಚೆಕ್‌ಪೋಸ್ಟ್ ದಾಟಿದರೆ ಗೋವಾದ ಪೋಳೆಂ, ಅಲ್ಲಿ ತೆರಿಗೆ ಕಡಿಮೆ, ಆದ್ದರಿಂದ ದರವೂ ಕಡಿಮೆ. ಪರ್ಮಿಟ್ ಇಲ್ಲದೆ ಬಾಟಲಿ ತಂದರೆ ಅಬಕಾರಿಯವರು ಹಿಡಿಯುತ್ತಾರೆಂಬ ಭಯದಿಂದ ಹುಡುಗರು ಅಲ್ಲೇ ಕುಡಿದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಕ್ ಓಡಿಸಿಕೊಂಡು ಹಿಂದಿರುಗುತ್ತಾರೆ. ಚೀಲ ತಪಾಸಣೆಗೆ ಸಿಗುತ್ತದೆ, ಹೊಟ್ಟೆ ಸಿಗುವುದಿಲ್ಲ. ಈ ಒಂದು ಸವಾರಿ ನನಗೆ ಉಳಿದೆಲ್ಲಕ್ಕಿಂತ ದೊಡ್ಡ ಚಿಂತೆ.

ಲೆಕ್ಕ ಸರಳವಾಗಿದೆ. ಒಂದು ಪೆಗ್, ಅಂದರೆ 30 ಮಿಲಿಲೀಟರ್ ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಷ್ಟನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆ ಬೇಕು, ಹಲವರಿಗೆ ಇನ್ನೂ ಹೆಚ್ಚು. 180ರ ಒಂದು ಕ್ವಾರ್ಟರ್ ಎಂದರೆ ಆರು ಗಂಟೆಗೂ ಮೇಲೆ. ಶೇಕಡಾ 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು ನಾಲ್ಕು ಪೆಗ್ಗಿನಷ್ಟು, ಬಿಯರ್ ತಾನೇ ಎನ್ನುವವರು ಇದನ್ನು ನೆನಪಿಡಬೇಕು. ಲಿಂಬೆರಸ, ತಣ್ಣೀರು, ಕಪ್ಪು ಚಹಾ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಮಧ್ಯರಾತ್ರಿ ಕುಡಿದು ಮುಗಿಸಿದವನು ಬೆಳಿಗ್ಗೆ ಪ್ರಾಕ್ಟಿಕಲ್‌ಗೆ ಬೈಕ್ ಹತ್ತುವಾಗಲೂ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯನ್ನು ದಾಟಿರಬಹುದು. ಮೊದಲ ಬಾರಿಗೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು. ಹೋಗುವವರಲ್ಲಿ ಒಬ್ಬ ಕುಡಿಯದೆ ಉಳಿಯಬೇಕು, ಇಲ್ಲವೇ ಗಾಡಿ ಒಯ್ಯಬಾರದು.

ಇನ್ನು ಕೋಣೆಯ ಮಾತು. ಗೆಳೆಯ ಮಾತಿಗೆ ಓಗೊಡದಷ್ಟು ಕುಡಿದಿದ್ದಾನೆ. ಉಳಿದವರು ಅವನನ್ನು ಅಂಗಾತ ಮಲಗಿಸಿ, ಬೆಳಿಗ್ಗೆ ಸರಿಹೋಗ್ತಾನೆ ಬಿಡು ಎಂದು ದೀಪ ಆರಿಸುತ್ತಾರೆ. ಹೊಟ್ಟೆಯಲ್ಲಿ ಉಳಿದ ಮದ್ಯ ನಿದ್ದೆಯಲ್ಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ, ಅಂಗಾತ ಮಲಗಿದವನು ವಾಂತಿ ಮಾಡಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು. ಅವನನ್ನು ಮಗ್ಗುಲಾಗಿ ಮಲಗಿಸಿ, ಒಬ್ಬರು ಎಚ್ಚರವಾಗಿ ಪಕ್ಕದಲ್ಲೇ ಕೂತಿರಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಅಥವಾ ತಡೆತಡೆದು ಬಂದರೆ, ತುಟಿ ನೀಲಿಗಟ್ಟಿದರೆ 108ಕ್ಕೆ ಕರೆ ಮಾಡಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕಾರವಾರದಲ್ಲೇ ಇದೆ.

ಇಷ್ಟು ಗೊತ್ತಿದ್ದರೂ ಹುಡುಗರು ಕರೆ ಮಾಡಲು ಹಿಂಜರಿಯುತ್ತಾರೆ. ಆಂಬುಲೆನ್ಸ್ ಅಂಗಳಕ್ಕೆ ಬಂದರೆ ಮನೆಯವರು ಮರುದಿನವೇ ಕೋಣೆ ಖಾಲಿ ಮಾಡಿಸುತ್ತಾರೆ, ಕಾಲೇಜಿನಿಂದ ಅಪ್ಪನಿಗೆ ಫೋನ್ ಹೋಗುತ್ತದೆ ಎಂಬ ಅಂಜಿಕೆ ಅವರದು. ಗಲಾಟೆ ಮಾಡಿದವರನ್ನು, ಗೇಟಿನೆದುರು ಬಾಟಲಿ ಒಡೆದವರನ್ನು ಖಾಲಿ ಮಾಡಿಸಿ, ಅದು ನಿಮ್ಮ ಹಕ್ಕು. ಆದರೆ ಸಹಾಯ ಕೇಳಿದವರನ್ನು ಗಲಾಟೆ ಮಾಡಿದವರ ಜೊತೆ ಸೇರಿಸಬೇಡಿ. ಬಾಡಿಗೆ ಕರಾರುಪತ್ರದಲ್ಲಿ, ಜೀವಕ್ಕೆ ಅಪಾಯವೆಂದು ರಾತ್ರಿ ಮಾಲೀಕರನ್ನು ಎಬ್ಬಿಸಿದ ಅಥವಾ 108 ಕರೆಸಿದ ಕಾರಣಕ್ಕೆ ಕೋಣೆ ಬಿಡಿಸಲಾಗದು ಎಂದು ಒಂದು ಸಾಲು ಬರೆಯಿರಿ; ಅದರ ಕೆಳಗೆ ನಿಮ್ಮ ಫೋನ್ ನಂಬರ್ ಇರಲಿ. ಕಾಲೇಜಿನವರೂ ಅಂಥದೇ ಭರವಸೆಯನ್ನು ಈ ಸೆಮಿಸ್ಟರ್ ಆರಂಭದಲ್ಲೇ ನೋಟಿಸ್ ಬೋರ್ಡಿಗೆ ಹಚ್ಚಬೇಕೆಂದು ಕೋರುತ್ತೇನೆ.