ಈ ಬಿಸಿಯನ್ನು ಓದುವವರು ಯಾರು?

ಕೇಳುಗರಿಗೆ ನಮಸ್ಕಾರ. ಜೀವನದ ಮೊದಲ ಡ್ರೈವರ್, ಅಂದರೆ ಒಂದು ಸಾಧನದ ಜೊತೆ ಮಾತಾಡಲು ಕಂಪ್ಯೂಟರಿಗೆ ಕಲಿಸುವ ಪ್ರೋಗ್ರಾಂ, ಬರೆಯಲು ಕೂತಿರುವ ಹುಡುಗ ಹುಡುಗಿಯರು ಕೇಳುತ್ತಿದ್ದಾರೆ ಅಂದುಕೊಂಡು ಮಾತಾಡುತ್ತೇನೆ.

ನಿಮ್ಮ ಕೈಯಲ್ಲಿ ಒಂದು ಟೆಂಪರೇಚರ್ ಸೆನ್ಸರ್ ಇದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಅದರ ಡ್ರೈವರನ್ನು ಎಲ್ಲಿ ಇಡುತ್ತೀರಿ? ಅಲ್ಲಿ ಮೂರು ಮನೆಗಳಿವೆ. ಎಚ್‌ಡಬ್ಲ್ಯುಮಾನ್, ಅಂದರೆ ಹಾರ್ಡ್‌ವೇರ್ ಮಾನಿಟರಿಂಗ್: ಯಂತ್ರ ತನ್ನ ಮೈ ತಾನೇ ಮುಟ್ಟಿ ನೋಡಿಕೊಳ್ಳುವುದು ಇಲ್ಲಿ. ಐಐಓ, ಅಂದರೆ ಇಂಡಸ್ಟ್ರಿಯಲ್ ಐಓ: ಇದರ ಕಣ್ಣು ಹೊರಗಿನ ಲೋಕದ ಮೇಲೆ. ಇನ್ನು ಥರ್ಮಲ್. ಬಿಸಿ ಏರಿತೋ, ಫ್ಯಾನ್ ತಿರುಗಿಸು, ಪ್ರೊಸೆಸರ್ ವೇಗ ತಗ್ಗಿಸು ಅನ್ನುವುದು ಅದರ ಕೆಲಸ.

ಎಲ್ಲರೂ ಮೊದಲು ಡೇಟಾಶೀಟ್, ಅಂದರೆ ಚಿಪ್‌ನ ವಿವರಪತ್ರ, ಬಿಚ್ಚುತ್ತಾರೆ. ದಯವಿಟ್ಟು ಮುಚ್ಚಿಡಿ. ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಬಿಸಿಯನ್ನು ಓದುವವರು ಯಾರು, ಓದಿ ಏನು ಮಾಡುತ್ತಾರೆ?

ನಾನೇ ಒಮ್ಮೆ ಇದನ್ನು ಕೇಳಿಕೊಳ್ಳಲಿಲ್ಲ. ಒಂದು ಬೋರ್ಡ್, ಪ್ರೊಸೆಸರ್ ಪಕ್ಕದಲ್ಲೇ 16 ಬಿಟ್‌ನ ಪುಟಾಣಿ ಚಿಪ್. ಅದರ ಅಳತೆಯ ಒಂದು ಮೆಟ್ಟಿಲು 0.0078125 ಡಿಗ್ರಿ! ಆ ನಾಜೂಕು ನೋಡಿ ಮರುಳಾಗಿಬಿಟ್ಟೆ. ಇಷ್ಟು ಸೂಕ್ಷ್ಮ ಇದ್ದರೆ ಐಐಓನೇ ಸರಿ ಅಂತ ಅಲ್ಲೇ ಬರೆದೆ.

ಐಐಓದಲ್ಲಿ ಚಿಪ್ ಕೊಟ್ಟ ಹಸಿ ಅಂಕಿ ಒಂದು ಫೈಲಿನಲ್ಲಿರುತ್ತದೆ, ಗುಣಿಸಬೇಕಾದ ಸ್ಕೇಲ್ ಇನ್ನೊಂದರಲ್ಲಿ. 3200 ಬಂದರೆ 7.8125ರಿಂದ ಗುಣಿಸಬೇಕು. 25000 ಮಿಲಿಡಿಗ್ರಿ ಆಯಿತು, ಅಂದರೆ 25 ಡಿಗ್ರಿ. ಎಚ್‌ಡಬ್ಲ್ಯುಮಾನ್‌ನಲ್ಲಿ ಆ ರಗಳೆ ಇಲ್ಲ, ನೇರ ಮಿಲಿಡಿಗ್ರಿಯೇ ಸಿಗುತ್ತದೆ.

ಫ್ಯಾನ್ ನೋಡಿಕೊಳ್ಳುವ ಪ್ರೋಗ್ರಾಂ ಬರೆದ ಹುಡುಗ ಬಂದ. "ಸೆನ್ಸರೇ ಕಾಣ್ತಿಲ್ಲ ಸರ್" ಅಂದ. ಅವನ ಪ್ರೋಗ್ರಾಂ ಎಚ್‌ಡಬ್ಲ್ಯುಮಾನ್ ಒಂದನ್ನೇ ಹುಡುಕುತ್ತಿತ್ತು. ನಾನು ಅವಸರದಲ್ಲಿ ಹಸಿ ಅಂಕಿಯ ಫೈಲು ತೋರಿಸಿ ಕಳಿಸಿದೆ. ಅವನು ರೂಢಿಯಂತೆ 1000ದಿಂದ ಭಾಗಿಸಿದ. ಬೋರ್ಡು ನಿಜವಾಗಿ 64 ಡಿಗ್ರಿ ಕಾದಿದೆ, ಹಸಿ ಅಂಕಿ 8192. ತೆರೆಯ ಮೇಲೆ ಏನು ಬಂತು? 8.2 ಡಿಗ್ರಿ. ಫ್ರಿಜ್ಜಿನಲ್ಲಿಟ್ಟ ಹಾಗೆ! ಫ್ಯಾನ್ ಯಾಕಾದರೂ ತಿರುಗುತ್ತೆ? ಎರಡು ದಿನ ಫ್ಯಾನ್ ಬದಲಿಸಿದೆವು, ವೈರ್ ಬದಲಿಸಿದೆವು, ಪವರ್ ಸಪ್ಲೈಯನ್ನು ಬೈದೆವು. ಮೂರನೇ ದಿನ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕ್ ಮೇಲೆ ಬೆರಳಿಟ್ಟು ಹಾ ಅಂತ ಕೈ ಎಳೆದುಕೊಂಡಾಗಲೇ ಆ 8.2ರ ಮೇಲೆ ಅನುಮಾನ ಬಂದದ್ದು. ಆಮೇಲೆ ಡ್ರೈವರನ್ನು ಎಚ್‌ಡಬ್ಲ್ಯುಮಾನ್‌ಗೆ ಸಾಗಿಸಿದೆ. ಚಿಪ್‌ನಿಂದ ಓದುವ ಸಾಲುಗಳು ಹೆಚ್ಚುಕಡಿಮೆ ಹಾಗೇ ಉಳಿದವು.

ಅಯ್ಯೋ, ಸಮಯ ಇದರಲ್ಲೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಎಲ್‌ಎಂ75 ಎಚ್‌ಡಬ್ಲ್ಯುಮಾನ್‌ನಲ್ಲಿದೆ, ಬೋರ್ಡಿನ ಬಿಸಿ ಕಾಯುವ ಚಿಪ್ ಅದು. ಎಂಎಲ್‌ಎಕ್ಸ್90614 ಮುಟ್ಟದೆ ದೂರದಿಂದಲೇ ವಸ್ತುವಿನ ಬಿಸಿ ಅಳೆಯುತ್ತದೆ, ಅದು ಐಐಓದಲ್ಲಿದೆ. ಎರಡೂ ಟೆಂಪರೇಚರ್ ಸೆನ್ಸರೇ, ಆದರೆ ಓದುವವರು ಬೇರೆ. ಪ್ರೊಸೆಸರ್ ಚಿಪ್‌ನ ಹೊಟ್ಟೆಯಲ್ಲೇ ಇರುವ ಸೆನ್ಸರಾದರೆ ಸಾಮಾನ್ಯವಾಗಿ ಥರ್ಮಲ್.

"ಐಐಓ-ಎಚ್‌ಡಬ್ಲ್ಯುಮಾನ್ ಅಂತ, ಐಐಓದ ಅಳತೆಯನ್ನು ಎಚ್‌ಡಬ್ಲ್ಯುಮಾನ್‌ನಲ್ಲಿ ತೋರಿಸುವ ಸೇತುವೆ ಡ್ರೈವರ್ ಇದೆಯಲ್ಲ, ಎಲ್ಲಿಟ್ಟರೇನು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇದೆ ಕಣ್ರೀ. ಆದರೆ ಸೇತುವೆ ಇದೆ ಅಂತ ಆಚೆ ದಡದಲ್ಲಿ ಮನೆ ಕಟ್ಟಿ ದಿನಾ ಓಡಾಡುವುದು ಯಾಕೆ? ಇನ್ನೊಂದು ಮಾತು. ಕರ್ನಲ್ ಒಮ್ಮೆ ಹೊರಗೆ ಕೊಟ್ಟ ಫೈಲಿನ ಹೆಸರನ್ನು ಜನರ ಪ್ರೋಗ್ರಾಂಗಳು ನೆಚ್ಚಿಕೊಳ್ಳುತ್ತವೆ, ಆಮೇಲೆ ಸುಮ್ನೆ ಬದಲಿಸಲು ಬಿಡುವುದಿಲ್ಲ. ನನ್ನ ಡ್ರೈವರ್ ಇನ್ನೂ ನಮ್ಮ ಕೋಣೆ ದಾಟಿರಲಿಲ್ಲ, ಬಚಾವಾದೆ.

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಪ್ಯಾಚ್, ಅಂದರೆ ಕರ್ನಲ್‌ಗೆ ಸೇರಿಸಬೇಕಾದ ನಿಮ್ಮ ಕೋಡ್, ಕಳಿಸುವಾಗ, ಓದುವವರು ಯಾರು ಅನ್ನುವುದನ್ನು ವಿವರಣೆಯ ಮೊದಲ ಸಾಲಿನಲ್ಲೇ ಬರೆಯಿರಿ, ಚಿಪ್‌ನ ಗುಣಗಾನ ಆಮೇಲೆ. ನಮಸ್ಕಾರ.