ಪ್ಯಾನೆಲ್ ಮಲಗಿದಾಗ ಎಚ್ಚರವಿರುವ ಬ್ಯಾಟರಿ

ಸಭೆಯಲ್ಲಿರುವ ಹಿರಿಯರಿಗೂ, ಸಕ್ಕರೆ ಕಾರ್ಖಾನೆಗಳ ಎಲೆಕ್ಟ್ರಿಕಲ್ ಮತ್ತು ಇನ್‌ಸ್ಟ್ರುಮೆಂಟ್ ವಿಭಾಗಗಳಿಂದ ಬಂದಿರುವ ಗೆಳೆಯರಿಗೂ ನಮಸ್ಕಾರ.

ಕಬ್ಬು ನುರಿಸುವ ಹಂಗಾಮು ಈಗಷ್ಟೇ ಮುಗಿದಿದೆ. ನಾಳೆಯಿಂದ ನಿಮ್ಮಲ್ಲಿ ಬಹಳಷ್ಟು ಮಂದಿ ಓವರ್‌ಹಾಲ್ ಕೆಲಸಕ್ಕೆ ಇಳಿಯುತ್ತೀರಿ, ಗಾಣದ ರೋಲರುಗಳನ್ನು ಬಿಚ್ಚಿಸುತ್ತೀರಿ, ಮೋಟಾರುಗಳನ್ನು ಕಳಚಿಸುತ್ತೀರಿ, ಒಂದೊಂದಾಗಿ ಪ್ಯಾನೆಲ್‌ಗಳ ಮೇನ್ ಸ್ವಿಚ್ ಆರಿಸುತ್ತೀರಿ. ಆ ಸ್ವಿಚ್ಚಿಗೆ ನಿಮ್ಮ ಕೈ ತಗಲುವ ಮೊದಲೇ ಒಂದು ಮಾತನ್ನು ನಿಮ್ಮ ಕಿವಿಗೆ ಹಾಕಬೇಕೆಂದು ಸಂಘಟಕರನ್ನು ಒತ್ತಾಯಿಸಿ ಈ ಒಂದು ಗಂಟೆಯನ್ನು ಪಡೆದುಕೊಂಡಿದ್ದೇನೆ. ತಣ್ಣಗಿರುವ, ಅಂದರೆ ವಿದ್ಯುತ್ ಆರಿಸಿದ ಪ್ಯಾನೆಲ್‌ನಲ್ಲಿ ಪಿಎಲ್‌ಸಿಯ, ಅಂದರೆ ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರಿನ, ಬ್ಯಾಟರಿಗೆ ಕೈ ಹಾಕಬೇಡಿ ಎಂಬುದೇ ಆ ಮಾತು. ಇದನ್ನು ಈ ಗಂಟೆಯಲ್ಲಿ ಹಲವು ಸಲ ಹೇಳುತ್ತೇನೆ, ಬೇಸರಪಡಬಾರದು.

ಮೊದಲು ಈ ಬ್ಯಾಟರಿ ಏಕೆ ಬಂತು ಎಂಬುದನ್ನು ನೋಡೋಣ. ನಮ್ಮ ಹಿಂದಿನ ತಲೆಮಾರಿನವರು ಬಲ್ಲ ರಿಲೇ ಪ್ಯಾನೆಲ್‌ಗಳಿಗೆ ಮರೆವು ಎಂಬುದಿರಲಿಲ್ಲ, ಏಕೆಂದರೆ ಅಲ್ಲಿ ತಂತಿಯೇ ಪ್ರೋಗ್ರಾಂ ಆಗಿತ್ತು. ಆರು ತಿಂಗಳು ಬೀಗ ಹಾಕಿಟ್ಟು ತೆರೆದರೂ ತಂತಿ ತಾನಿದ್ದಲ್ಲೇ ಇರುತ್ತಿತ್ತು. 1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ರಿಲೇ ಪ್ಯಾನೆಲ್‌ಗಳಿಗೆ ಬದಲಿಯನ್ನು ಹುಡುಕುತ್ತಿದ್ದ ಕಾಲದಲ್ಲಿ ರಿಚರ್ಡ್ ಮೋರ್ಲಿ ಮತ್ತು ಸಂಗಡಿಗರು ರೂಪಿಸಿದ ಮಾಡಿಕಾನ್ 084 ಎಂಬ ಆರಂಭದ ಪಿಎಲ್‌ಸಿ ಕೂಡ ಕಾಂತೀಯ ಕೋರ್ ಮೆಮೊರಿಯನ್ನು ಬಳಸುತ್ತಿತ್ತು. ವಿದ್ಯುತ್ ಹೋದರೂ ಕೋರ್‌ಗಳು ತಮ್ಮ ಕಾಂತತ್ವವನ್ನು ಬಿಡುತ್ತಿರಲಿಲ್ಲ. ಮುಂದೆ ಅಗ್ಗವೂ ವೇಗವೂ ಆದ ಸೆಮಿಕಂಡಕ್ಟರ್ ಮೆಮೊರಿ ಬಂದಾಗ ಅದರ ಜೊತೆಗೇ ಮರೆವೂ ಬಂತು. ವಿದ್ಯುತ್ ನಿಂತ ಕ್ಷಣವೇ ಎಲ್ಲವನ್ನೂ ಕಳೆದುಕೊಳ್ಳುವ ಆ ರ್‍ಯಾಮ್‌ಗೆ ಗುಟುಕುಗುಟುಕಾಗಿ ಜೀವ ಉಣಿಸಲು ಒಂದು ಪುಟ್ಟ ಲಿಥಿಯಂ ಸೆಲ್ ಸೇರಿಕೊಂಡಿತು. ಸೀಮೆನ್ಸ್ ಕಂಪನಿಯ ಎಸ್7-400 ಪಿಎಲ್‌ಸಿಯಲ್ಲಿ ಅದು ಪವರ್ ಸಪ್ಲೈ ಮಾಡ್ಯೂಲ್‌ನ ಒಳಗೆ ಕುಳಿತಿರುತ್ತದೆ, ಮಿತ್ಸುಬಿಷಿ ಕ್ಯೂ ಸರಣಿಯಲ್ಲಿ ಸಿಪಿಯು ಅಡಿಯ ಪುಟ್ಟ ಮುಚ್ಚಳದ ಹಿಂದೆ ಇರುತ್ತದೆ, ಕಂಟ್ರೋಲ್‌ಲಾಜಿಕ್ಸ್‌ನ ಹಳೆಯ ಕೆಲವು ಸಿಪಿಯುಗಳಿಗಾದರೆ 1756-ಬಿಎಟಿಎಮ್ ಎಂಬ ಪ್ರತ್ಯೇಕ ಬ್ಯಾಟರಿ ಮಾಡ್ಯೂಲನ್ನೇ ಹೊರಗಿನಿಂದ ಜೋಡಿಸುತ್ತಿದ್ದರು.

ಈ ಸೆಲ್ ಕೆಲಸ ಮಾಡುವುದು ಯಂತ್ರ ನಡೆಯುವಾಗಲ್ಲ, ಯಂತ್ರ ಮಲಗಿದಾಗ. ಪ್ಯಾನೆಲ್‌ಗೆ ವಿದ್ಯುತ್ ಇರುವಷ್ಟು ಹೊತ್ತು ಅದರ ಮೇಲೆ ಬೀಳುವ ಹೊರೆ ನಗಣ್ಯ. ಆದ್ದರಿಂದ ವರ್ಷವಿಡೀ ನಡೆಯುವ ಸಿಮೆಂಟ್ ಕಾರ್ಖಾನೆಯವರ ಅನುಭವವನ್ನು ನಾವು ಎರವಲು ಪಡೆಯುವಂತಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಎಸ್7-400ರ ಸೆಲ್‌ನ ಸಾಮರ್ಥ್ಯ 2.3 ಆಂಪಿಯರ್ ಗಂಟೆ. ಉದಾಹರಣೆಗಾಗಿ ಮೆಮೊರಿ 100 ಮೈಕ್ರೊ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎರಡೇ ದಿನ ಪ್ಯಾನೆಲ್ ಆರಿಸುವವರ ಸೆಲ್ ಬಹುಮಟ್ಟಿಗೆ ತನ್ನ ವಯಸ್ಸಿನಿಂದಲೇ ಮುದಿಯಾಗುತ್ತದೆ. ನಮ್ಮಲ್ಲಿ ಆರು ತಿಂಗಳು ಪ್ಯಾನೆಲ್ ಆರಿದರೆ 4,380 ಗಂಟೆ, ಅಂದರೆ ಒಂದೇ ವರ್ಷದಲ್ಲಿ ಸುಮಾರು 440 ಮಿಲಿಆಂಪಿಯರ್ ಗಂಟೆ ಖರ್ಚಾಗುತ್ತದೆ, ಐದು ಹಂಗಾಮುಗಳಲ್ಲಿ ಸೆಲ್ ಬರಿದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎ.ಸಿ. ನಿಲ್ಲಿಸಿದ ಕೋಣೆಯಲ್ಲಿ ಮುಚ್ಚಿದ ಪ್ಯಾನೆಲ್‌ನ ಒಳಗೆ ಸೆಲ್ ತಾನಾಗಿ ಸೋರುವುದೂ ಮೆಮೊರಿ ಎಳೆಯುವುದೂ ಎರಡೂ ಹೆಚ್ಚುತ್ತವೆ; ಈ ಲೆಕ್ಕಕ್ಕಿಂತ ಬೇಗನೆ ಬರಿದಾಗುವುದೇ ಹೆಚ್ಚು.

ಬ್ಯಾಟರಿ ಸೋತರೆ ಕೆಂಪು ದೀಪ ಉರಿಯುತ್ತದಲ್ಲ ಎಂದು ನೀವು ಕೇಳಬಹುದು. ಪ್ಯಾನೆಲ್ ಆರಿದ ಮೇಲೆ ಆ ದೀಪಕ್ಕೆ ವಿದ್ಯುತ್ ಎಲ್ಲಿಂದ ಬರಬೇಕು? ಮೀಟರ್ ಹಿಡಿದು ನೋಡುತ್ತೇವೆ ಎನ್ನುವವರಿಗೂ ಒಂದು ಮಾತು. ಎಸ್7-400ರಂಥವುಗಳಲ್ಲಿರುವ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ತನ್ನ 3.6 ವೋಲ್ಟನ್ನು ಆಯುಷ್ಯದ ಕೊನೆಯವರೆಗೂ ಬಹುತೇಕ ಹಾಗೆಯೇ ಹಿಡಿದಿಟ್ಟು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಕೊಡದ ನೀರನ್ನು ಇಣುಕಿ ಅಳೆಯಬಹುದು, ಈ ಕೊಡದ ಬಾಯಿ ಮಾತ್ರ ಮುಚ್ಚಿದೆ. ಆದ್ದರಿಂದ ಸೆಲ್ ಬದಲಿಸುವ ದಿನವನ್ನು ದೀಪವಾಗಲಿ ಮೀಟರಾಗಲಿ ನಿರ್ಧರಿಸಬಾರದು, ಸೆಲ್‌ನ ಮೇಲೆ ನೀವೇ ಅಂಟಿಸಿದ ತಾರೀಖಿನ ಚೀಟಿ ನಿರ್ಧರಿಸಬೇಕು.

ಈಗ ನನ್ನನ್ನು ಇಲ್ಲಿಗೆ ಎಳೆದು ತಂದ ಸಂಗತಿಗೆ ಬರುತ್ತೇನೆ. ಕೃಷ್ಣಾ ತೀರದ ಒಂದು ಕಾರ್ಖಾನೆ, ಹೆಸರು ಬೇಡ. ದೀಪಾವಳಿ ಕಳೆದಿತ್ತು, ಬಾಯ್ಲರ್ ಪ್ರದೀಪನದ ಪೂಜೆ ಮುಗಿದಿತ್ತು, ಯಾರ್ಡ್‌ನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ಕಡಿದ ಕಬ್ಬು ಕಾಯುತ್ತಾ ನಿಂತಷ್ಟೂ ಅದರೊಳಗಿನ ಸಕ್ಕರೆ ಕಡಿಮೆಯಾಗುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಸಕ್ಕರೆಯಿಂದ ಕಾಕಂಬಿಯನ್ನು ಬೇರ್ಪಡಿಸುವ ನಾಲ್ಕು ಬ್ಯಾಚ್ ಸೆಂಟ್ರಿಫ್ಯೂಗಲ್‌ಗಳ ಪೈಕಿ ಎರಡು ಮೇಲೇಳಲೇ ಇಲ್ಲ. ನನ್ನನ್ನು ಕರೆಸಿದರು. ಪಿಎಲ್‌ಸಿಯನ್ನು ತೆರೆದು ನೋಡಿದರೆ ಮೆಮೊರಿ ಬರಿದಾಗಿತ್ತು, ಗಡಿಯಾರವೂ ಯಾವುದೋ ಹಳೆಯ ವರ್ಷವನ್ನು ತೋರಿಸುತ್ತಿತ್ತು.

ಬ್ಯಾಟರಿ ಸತ್ತಿತ್ತೇ? ಇಲ್ಲ, ಹೊಸದಾಗಿತ್ತು. ನನ್ನನ್ನು ಇವತ್ತಿಗೂ ಕಾಡುವುದು ಇದೇ. ಅಲ್ಲಿಯ ತರುಣ ತಂತ್ರಜ್ಞನೊಬ್ಬ ಹಿಂದಿನ ಹಂಗಾಮಿನ ಕೊನೆಯಲ್ಲಿ ಎರಡೂ ಪ್ಯಾನೆಲ್‌ಗಳ ಬ್ಯಾಟರಿ ದೀಪವನ್ನು ಗಮನಿಸಿ ರಿಜಿಸ್ಟರಿನಲ್ಲಿ ಬರೆದಿದ್ದ, ಸ್ಟೋರ್ಸ್‌ನವರ ಬೆನ್ನು ಹತ್ತಿ ಸರಿಯಾದ ಸೆಲ್ಲನ್ನೇ ತರಿಸಿದ್ದ. ಜುಲೈ ತಿಂಗಳಲ್ಲಿ ಸೆಲ್ ಬಂದಾಗ, ಐಟಿಐಯಲ್ಲಿ ಕಲಿಸಿದಂತೆ ಪ್ಯಾನೆಲ್ ಆರಿದೆಯೇ ಎಂದು ಎರಡು ಸಲ ಪರೀಕ್ಷಿಸಿ, ಹಳೆಯದನ್ನು ತೆಗೆದು, ಅದರ ಸಂಪರ್ಕಗಳನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಹೊಸದನ್ನು ಕೂರಿಸಿದ್ದ. ಅವನು ಬಟ್ಟೆಯಿಂದ ಒರೆಸುತ್ತಿದ್ದ ಆ ನಿಮಿಷಗಳಲ್ಲಿಯೇ ಎಲ್ಲವೂ ಅಳಿಸಿಹೋಗಿತ್ತು. ಇಡೀ ಕಾರ್ಖಾನೆಯಲ್ಲಿ ಬ್ಯಾಟರಿಯ ಬಗ್ಗೆ ಕಾಳಜಿ ವಹಿಸಿದ ಒಬ್ಬನೇ ಮನುಷ್ಯನ ಕೈಯಿಂದ ಆದ ನಷ್ಟವಿದು. ಅವನನ್ನು ಬೈಯುತ್ತಿದ್ದವರನ್ನು ನಾನು ತಡೆದೆ. ಮುಟ್ಟುವ ಮೊದಲು ವಿದ್ಯುತ್ ಆರಿಸು ಎಂದು ಪಾಠ ಹೇಳಿದ ನಾವು, ಈ ಒಂದು ಕೆಲಸಕ್ಕೆ ಆ ಪಾಠ ಪೂರ್ತಿ ಸಾಲದು ಎಂದು ಅವನಿಗೆ ಹೇಳಿರಲಿಲ್ಲ.

ಪ್ರೋಗ್ರಾಂನ ಪ್ರತಿ ಸಿಕ್ಕಿತು, ಆದರೆ ಅದು ಯಂತ್ರ ಸ್ಥಾಪಿಸಿದ ದಿನದ್ದು, ಎಂಟು ವರ್ಷ ಹಳೆಯದು. ಅದನ್ನು ಹಾಕಿದ ಮೇಲೆ ಯಂತ್ರ ತಿರುಗಿತು, ಸಕ್ಕರೆ ಮಾತ್ರ ಕೆಟ್ಟಿತು. ನಿಧಾನ ವೇಗದಲ್ಲಿ ಪಾಕ ತುಂಬಿಕೊಂಡು, ಸಾವಿರ ಸುತ್ತುಗಳ ಆಚೆಗೆ ಏರಿ, ನಡುವೆ ನೀರು ಚಿಮುಕಿಸಿ ಹರಳನ್ನು ತೊಳೆಯುವ ಈ ಯಂತ್ರದಲ್ಲಿ ತೊಳೆಯುವ ಸೆಕೆಂಡುಗಳೇ ಜೀವಾಳ. ಎರಡು ಸೆಕೆಂಡು ಕಡಿಮೆಯಾದರೆ ಹರಳಿನ ಮೇಲೆ ಕಾಕಂಬಿಯ ಪೊರೆ ಉಳಿದು ಬಣ್ಣ ಬರುತ್ತದೆ, ಎರಡು ಹೆಚ್ಚಾದರೆ ಸಕ್ಕರೆಯೇ ಕರಗಿ ನೀರಿನೊಡನೆ ಹೋಗುತ್ತದೆ. ಎಂಟು ಹಂಗಾಮುಗಳಲ್ಲಿ ತಿದ್ದಿ ತಿದ್ದಿ ಹದಗೊಳಿಸಿದ ಆ ಅಂಕಿಗಳು ಯಾವ ಕಂಪ್ಯೂಟರಿನಲ್ಲಿಯೂ ಇರಲಿಲ್ಲ. ಆಗ ಯಂತ್ರದ ಬಳಿ ನಿಂತಿದ್ದ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆಪರೇಟರ್ ಕಾಕಾ ಒಬ್ಬರು ಅಂಗಿಯ ಕಿಸೆಯಿಂದ ಕಾಕಂಬಿಯ ಕಲೆ ಹತ್ತಿದ ಒಂದು ಪುಟ್ಟ ಡೈರಿಯನ್ನು ತೆಗೆದು, "ಸಾಹೇಬ್ರ, ಇದರಾಗ ಬರದಿಟ್ಟೀನಿ ನೋಡ್ರಿ" ಎಂದರು. ಮೊದಲ ತೊಳೆತ ಎಷ್ಟು, ಎರಡನೆಯದು ಎಷ್ಟು, ಪಾಕ ಗಟ್ಟಿಯಾಗಿದ್ದರೆ ಎಷ್ಟು ಕೂಡಿಸಬೇಕು, ಎಲ್ಲವೂ ಪೆನ್ಸಿಲ್ಲಿನಲ್ಲಿತ್ತು. ನಾನು ಆ ಪುಟಗಳನ್ನು ಓದುತ್ತಾ ಹೋದೆ, ಪಕ್ಕದಲ್ಲಿ ಕುಳಿತ ಆ ತರುಣ ಒಂದೊಂದೇ ಅಂಕಿಯನ್ನು ಒತ್ತುತ್ತಾ ಹೋದ. ಬೆಳಗಿನ ಜಾವಕ್ಕೆ ಬಿಳಿಯ ಸಕ್ಕರೆ ಬಂತು. ಕಾಕಾ ಅದನ್ನು ಅಂಗೈಯಲ್ಲಿ ಹಿಡಿದು ದೀಪದ ಕೆಳಗೆ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದಲೇ ಮತ್ತೆ ಹೇಳುತ್ತೇನೆ, ತಣ್ಣಗಿರುವ ಪ್ಯಾನೆಲ್‌ನಲ್ಲಿ ಬ್ಯಾಟರಿಗೆ ಕೈ ಹಾಕಬೇಡಿ. ಎಸ್7-400ರಂಥವುಗಳಲ್ಲಿ ವಿದ್ಯುತ್ ಇದ್ದಾಗಲೇ ಬದಲಿಸಿದರೆ ಮೆಮೊರಿಗೆ ಏನೂ ಆಗದು. ಪಕ್ಕದಲ್ಲಿ 230 ವೋಲ್ಟಿನ ಟರ್ಮಿನಲ್ ಇರುತ್ತದೆಂಬ ಎಚ್ಚರ ಬೇಕು, ಒಬ್ಬರೇ ಆ ಕೆಲಸ ಮಾಡಬಾರದು. ಕೆಲವು ತಯಾರಕರು ವಿದ್ಯುತ್ ಆರಿಸಿಯೇ ಬದಲಿಸಿ ಎನ್ನುತ್ತಾರೆ. ಅಲ್ಲಿ ಒಳಗಿನ ಕೆಪಾಸಿಟರ್ ಸ್ವಲ್ಪ ಹೊತ್ತು ಮೆಮೊರಿಯನ್ನು ಕಾಪಾಡುತ್ತದೆ. ಮಿತ್ಸುಬಿಷಿ ಎಫ್‌ಎಕ್ಸ್3ಯುಗೆ ಆ ಅವಧಿ 20 ಸೆಕೆಂಡು, ಕ್ಯೂ ಸರಣಿಗೆ 3 ನಿಮಿಷ. ಆದರೆ ಆ ಕೆಪಾಸಿಟರ್ ತುಂಬಿರಬೇಕಾದರೆ ಅದಕ್ಕೆ ಮೊದಲು ಹತ್ತು ನಿಮಿಷವಾದರೂ ವಿದ್ಯುತ್ ಇದ್ದಿರಬೇಕು. ಮೂರು ತಿಂಗಳಿನಿಂದ ಆರಿದ ಪ್ಯಾನೆಲ್‌ನ ಕೆಪಾಸಿಟರ್ ಒಂದು ಕ್ಷಣವೂ ಕಾಪಾಡುವುದಿಲ್ಲ. ಮಾತು ತಿರುಗಿ ಅಲ್ಲಿಗೇ ಬಂತು, ನೋಡಿ.

ಸಮಯ ಮುಗಿಯುತ್ತಿದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಸೆಲ್ ತರುವಾಗ ಗಾತ್ರ ನೋಡಿ ಮೋಸಹೋಗಬೇಡಿ. ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ಲೂ ಎಸ್7-400ರ ಸೆಲ್ಲೂ ಒಂದೇ ಅಳತೆಯವು, ಅದನ್ನೇ ತುರುಕಿದ್ದ ಒಂದು ಪ್ಯಾನೆಲ್ಲನ್ನು ನಾನು ಕಂಡಿದ್ದೇನೆ. ವರ್ಷಗಟ್ಟಲೆ ಸ್ಟೋರ್ಸ್‌ನಲ್ಲಿ ಉಳಿದ ಲಿಥಿಯಂ ಸೆಲ್‌ನ ಒಳಗೆ ಒಂದು ಪದರ ಕಟ್ಟಿ, ಹೊಸದಾಗಿ ಕೂರಿಸಿದಾಗ ವೋಲ್ಟೇಜ್ ಸ್ವಲ್ಪ ಹೊತ್ತು ತಗ್ಗಿ ದೀಪ ಉರಿಯಬಹುದು, ಗಾಬರಿ ಬೇಡ. ಇದನ್ನು ಚಾರ್ಜ್ ಮಾಡಬಾರದು, ಬೆಂಕಿಗೆ ಎಸೆಯಬಾರದು, ಒಡೆದರೆ ನೀರು ತಾಗಿಸಬಾರದು. ಹಳೆಯ ಸೆಲ್‌ಗಳು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಮರುಬಳಕೆದಾರರಿಗೆ ಹೋಗಬೇಕು. ಬ್ಯಾಟರಿ ದೋಷವನ್ನು ಸ್ಕಾಡಾ ಪರದೆಗೆ, ಅಂದರೆ ಕಂಟ್ರೋಲ್ ರೂಮಿನ ಕಂಪ್ಯೂಟರ್ ಪರದೆಗೆ ತನ್ನಿ. ಸೀಮೆನ್ಸ್‌ನಲ್ಲಿ ಓಬಿ81 ಎಂಬ ಪ್ರೋಗ್ರಾಂ ಬ್ಲಾಕ್, ಮಿತ್ಸುಬಿಷಿ ಕ್ಯೂನಲ್ಲಿ ಎಸ್‌ಎಂ52 ಎಂಬ ಸೂಚನಾ ಬಿಟ್ ಅದಕ್ಕಾಗಿಯೇ ಇವೆ. ಎಸ್7-1500ರಂಥ ಹೊಸ ಪಿಎಲ್‌ಸಿಗಳು ಪ್ರೋಗ್ರಾಮನ್ನು ಮೆಮೊರಿ ಕಾರ್ಡ್‌ನಲ್ಲಿ ಇಡುತ್ತವೆ, ಅವುಗಳಿಗೆ ಈ ಭಯವಿಲ್ಲ. ಆದರೆ ನಮ್ಮ ಪ್ಯಾನೆಲ್‌ಗಳಲ್ಲಿ ಅವು ಎಷ್ಟಿವೆ ಎಂಬುದನ್ನು ನೀವೇ ಬಲ್ಲಿರಿ. ಕೊನೆಯದಾಗಿ, ಹಂಗಾಮು ಮುಗಿದ ದಿನ ಪ್ರೋಗ್ರಾಮನ್ನಷ್ಟೇ ಅಲ್ಲ, ಅಂದು ಯಂತ್ರದಲ್ಲಿ ನಡೆಯುತ್ತಿರುವ ಅಂಕಿಗಳನ್ನೂ ಉಳಿಸಿಡಿ. ಕಾಕಾ ಅವರ ಡೈರಿ ಎಲ್ಲ ಕಾರ್ಖಾನೆಗಳಲ್ಲೂ ಇರುವುದಿಲ್ಲ.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಹಳೆಯ ಸಿಪಿಯುಗಳನ್ನು ಇಟ್ಟಿದ್ದೇನೆ, ಎರಡರಲ್ಲೂ ಒಂದೇ ಚಿಕ್ಕ ಪ್ರೋಗ್ರಾಂ ನಡೆಯುತ್ತಿದೆ. ಎಡಗಡೆಯದರ ಸೆಲ್ಲನ್ನು ಅದು ನಡೆಯುತ್ತಿರುವಾಗಲೇ ತೆಗೆದು ಮತ್ತೆ ಕೂರಿಸಿ, ಆಮೇಲೆ ಅದರ ಸ್ವಿಚ್ ಆರಿಸಿ. ಬಲಗಡೆಯದರ ಸ್ವಿಚ್ ಆರಿಸಿ, ಸೆಲ್ಲನ್ನು ತೆಗೆದು ಪಕ್ಕಕ್ಕಿಟ್ಟು, ನಿಧಾನವಾಗಿ ಚಹಾ ಕುಡಿದು ಬನ್ನಿ. ಆಮೇಲೆ ಬಲಗಡೆಯದಕ್ಕೆ ಸೆಲ್ ಹಾಕಿ ಎರಡಕ್ಕೂ ಸ್ವಿಚ್ ಕೊಡಿ; ನಾನು ಅಲ್ಲಿಯೇ ನಿಂತಿರುತ್ತೇನೆ.