ಒಂದು ಸ್ಟ್ರಿಪ್ ಕೊಡಿ ಅಂದ್ರೆ ಕೊಟ್ಟೇಬಿಡ್ತಾರೆ

ಮೆಡಿಕಲ್ ಶಾಪ್‌ಗೆ ಹೋಗಿ "ಅಣ್ಣಾ, ಅರೆತಲೆನೋವಿಗೆ ಒಂದು ಸ್ಟ್ರಿಪ್" ಅನ್ನಿ. ಚೀಟಿ ಎಲ್ಲಿ ಅಂತ ಎಷ್ಟು ಕಡೆ ಕೇಳ್ತಾರೆ, ನೀವೇ ಹೇಳಿ. ನನಗೆ ಸಿಟ್ಟು ಬರೋದು ಇಲ್ಲೇ.

ಅರೆತಲೆನೋವಿಗೆ (ಮೈಗ್ರೇನ್‌ಗೆ) ಕೊಡೋ ವ್ಯಾಸೋಗ್ರೇನ್ ಸ್ಟ್ರಿಪ್ಪಿನ ಹಿಂದೆ ಇರೋ ಸಣ್ಣ ಅಕ್ಷರ ಓದಿ. ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಿ: ಎರ್ಗೋಟಮೈನ್ 1 ಮಿ.ಗ್ರಾಂ, ಕೆಫೀನ್ 100, ಪ್ಯಾರಸಿಟಮಾಲ್ 250, ಪ್ರೋಕ್ಲೋರ್‌ಪೆರಜೀನ್ 2.5. ನೋವು ಜಗ್ಗಲಿಲ್ಲ ಅಂತ ದಿನಕ್ಕೆ ಇಂಥ ನಾಲ್ಕು, ಜೊತೆಗೆ ಜ್ವರದ 650ರ ಮಾತ್ರೆ ಐದು ನುಂಗಿದ್ರೆ ಪ್ಯಾರಸಿಟಮಾಲ್ ಒಂದೇ 4,250 ಮಿ.ಗ್ರಾಂ ಆಯ್ತು. ದೊಡ್ಡವರಿಗೇ ದಿನದ ಮಿತಿ 4,000. ಸಾಯೋಕೆ ಹೊರಟವರಲ್ಲ ಇವರು, ಅಡುಗೆಮನೆ ಕೆಲಸ ಮುಗಿಸೋಕೆ ಹೊರಟವರು!

ಪ್ಯಾರಸಿಟಮಾಲ್ ಹೆಚ್ಚಾದ್ರೆ ಮೊದಲ ದಿನ ಸ್ವಲ್ಪ ವಾಂತಿ, ಇಲ್ಲಾಂದ್ರೆ ಅದೂ ಇಲ್ಲ. ಆರಾಮಾಗಿದ್ದಾರಲ್ಲ ಅಂತ ಮನೆಯವರು ಸುಮ್ಮನಾಗ್ತಾರೆ. ಲಿವರ್ ಕೆಡೋದು ಒಳಗೊಳಗೇ. ಕಣ್ಣು ಹಳದಿಯಾಗೋ ಹೊತ್ತಿಗೆ ತಡವಾಗಿರತ್ತೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಅನ್ನೋ ಪ್ರತಿವಿಷ ಇದೆ, ಎಂಟು ಗಂಟೆಯೊಳಗೆ ಶುರುವಾದ್ರೆ ತುಂಬಾ ಚೆನ್ನಾಗಿ ಕೆಲಸ ಮಾಡತ್ತೆ. ತಡವಾಯ್ತು ಅಂತ ಹೋಗದೇ ಇರಬೇಡಿ, ಆಮೇಲೂ ಕೊಡ್ತಾರೆ.

ಎರ್ಗೋಟಮೈನ್ ದಾರಿಯೇ ಬೇರೆ. ಅದು ರಕ್ತನಾಳ ಬಿಗಿಯೋ ಔಷಧಿ. ಹೆಚ್ಚಾದ್ರೆ ಕೈಕಾಲಿನ ಬೆರಳು ತಣ್ಣಗಾಗಿ, ಜುಮ್ಮೆಂದು, ನೀಲಿಗಟ್ಟತ್ತೆ. ಬಿಟ್ರೆ ಬೆರಳು ಕೊಳೆಯೋ ಮಟ್ಟಕ್ಕೂ ಹೋಗತ್ತೆ. ಇನ್ನೊಂದು, ಕ್ಲಾರಿಥ್ರೊಮೈಸಿನ್ ಥರದ ಆಂಟಿಬಯಾಟಿಕ್ ಜೊತೆಗಿದ್ರೆ ಮಾಮೂಲಿ ಡೋಸೇ ಓವರ್‌ಡೋಸ್ ಆಗಬಹುದು, ಯಾಕಂದ್ರೆ ಲಿವರ್ ಎರ್ಗೋಟಮೈನನ್ನ ಕರಗಿಸೋದು ತುಂಬಾ ನಿಧಾನವಾಗತ್ತೆ. ಹೀಗಾದವರಿಗೆ ಆಸ್ಪತ್ರೆಯಲ್ಲಿ ಮಾತ್ರೆ ನಿಲ್ಲಿಸಿ, ರಕ್ತನಾಳ ಸಡಿಲಿಸೋ ಔಷಧಿಯನ್ನ ಡ್ರಿಪ್‌ನಲ್ಲಿ ಕೊಡಬೇಕಾಗಬಹುದು.

ಮೈಗ್ರೇನ್ ಬರದಂತೆ ಕೊಡೋ ಪ್ರೊಪ್ರಾನೊಲಾಲ್, ಅಮಿಟ್ರಿಪ್ಟಿಲೀನ್ ಹೆಚ್ಚಾದ್ರೆ ಇನ್ನೂ ಅಪಾಯ. ಒಂದರಲ್ಲಿ ನಾಡಿ ಕುಸಿಯತ್ತೆ, ಇನ್ನೊಂದರಲ್ಲಿ ಫಿಟ್ಸ್ ಬಂದು ಹೃದಯದ ಬಡಿತವೇ ತಪ್ಪತ್ತೆ. ಇವು ಗಂಟೆಗಳಲ್ಲೇ ಪ್ರಾಣಕ್ಕೆ ಬರುವಂಥವು. 108ಕ್ಕೆ ಫೋನ್ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಅಜ್ಜಿ ವೈದ್ಯ ಬೇಡವೇ ಬೇಡ. ಖಾಲಿ ಸ್ಟ್ರಿಪ್ ಜೇಬಿಗೆ ಹಾಕ್ಕೊಳ್ಳಿ. "ಬಿಳಿ ಮಾತ್ರೆ, ದುಂಡಗಿತ್ತು" ಅಂದ್ರೆ ಡಾಕ್ಟ್ರು ಏನು ಮಾಡ್ಬೇಕು?

ಬೇಕಂತಲೇ ನುಂಗಿದ್ರೂ ಅಷ್ಟೇ. ಪೊಲೀಸ್ ಕೇಸಾಗತ್ತೆ, ಮರ್ಯಾದೆ ಹೋಗತ್ತೆ ಅಂತ "ಗ್ಯಾಸ್ಟ್ರಿಕ್ಕು" ಅಂತ ಸುಳ್ಳು ಹೇಳೋ ಮನೆಗಳಿವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳತ್ತೆ. ಎಷ್ಟು ಮಾತ್ರೆ, ಎಷ್ಟು ಗಂಟೆಗೆ, ಅದನ್ನ ಡಾಕ್ಟ್ರ ಹತ್ರ ಇದ್ದದ್ದು ಇದ್ದಂಗೆ ಹೇಳಿ. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.